ಖಡಕಿಯ ನಹರು: ಎತ್ತರ ಕೊಟ್ಟು ಹರಿವು ಕೊಂಡ ಊರು

ಛತ್ರಪತಿ ಸಂಭಾಜಿನಗರದ ಪನಚಕ್ಕಿ ಎಂಬ ಹಳೆಯ ನೀರುಗಿರಣಿಗೆ ಹೋದವರಿಗೆ ಅಲ್ಲಿನ ಗೈಡುಗಳು ತೋರಿಸುವುದು ಒಂದು ಎತ್ತರದ ಗೋಡೆಯನ್ನು. ಅದರ ನೆತ್ತಿಯ ಹತ್ತಿರದಿಂದ ನೀರು ಕೆಳಗಿನ ಕೊಳಕ್ಕೆ ಧುಮುಕುತ್ತದೆ. ಹತ್ತಿರದಲ್ಲೆಲ್ಲೂ ಅದನ್ನು ಎತ್ತುವ ಪಂಪಿಲ್ಲ, ಮೋಟಾರಿಲ್ಲ. ಕರೆಂಟೇ ಇಲ್ಲದ ಕಾಲದಲ್ಲಿ ನೀರನ್ನು ಇಷ್ಟು ಮೇಲಕ್ಕೆ ಹೇಗೆ ಏರಿಸಿದರು ಎಂದು ಜನ ಬೆರಗಾಗುತ್ತಾರೆ. ಬೆರಗು ಸರಿಯೇ, ಅದರ ಕಾರಣ ಮಾತ್ರ ತಪ್ಪು. ಆ ಗೋಡೆ ನೀರನ್ನು ಏರಿಸುವುದಿಲ್ಲ. ಊರಿನ ಉತ್ತರಕ್ಕಿರುವ ಜಟವಾಡಾ ಗುಡ್ಡಗಳ ಮಗ್ಗುಲಲ್ಲಿ ಆ ನೀರು ಗೋಡೆಯ ನೆತ್ತಿಗಿಂತ ಎತ್ತರದಲ್ಲೇ ಇತ್ತು. ಸುಟ್ಟ ಮಣ್ಣಿನ ಕೊಳವೆಯಲ್ಲಿ ಕಿಲೋಮೀಟರುಗಟ್ಟಲೆ ಇಳಿದು ಬಂದು, ಗೋಡೆಯೊಳಗೆ ತನ್ನ ಹಳೆಯ ಮಟ್ಟದ ಹತ್ತಿರಕ್ಕೆ ಏರಿ ನಿಲ್ಲುತ್ತದೆ, ಅಷ್ಟೆ. ಗಾರೆಯವರು ಮಟ್ಟ ನೋಡಲು ನೀರು ತುಂಬಿದ ಟ್ಯೂಬನ್ನು ಎರಡು ಕಡೆ ಹಿಡಿಯುತ್ತಾರಲ್ಲ, ಅದೇ ಲೆಕ್ಕ. ದಾರಿಯುದ್ದಕ್ಕೂ ಕೊಳವೆಗೆ ಉಜ್ಜಿ ಸವೆದ ಎತ್ತರ ಸವೆಯಿತು, ಮಿಕ್ಕದ್ದು ಗೋಡೆಯ ಮೇಲೆ ಕಾಣುತ್ತದೆ. ಮೆಚ್ಚಬೇಕಾದದ್ದು ಇರುವುದು ಬೇರೆ ಕಡೆ. ಈ ಊರಿಗೆ ನೀರು ತಂದವರು ಕೈಯಲ್ಲಿದ್ದ ಎತ್ತರವನ್ನು ಲೆಕ್ಕ ಹಾಕಿ ಖರ್ಚು ಮಾಡಿ, ಅದರ ಬದಲಿಗೆ ಹಗಲೂ ರಾತ್ರಿ ನಿಲ್ಲದ ಹರಿವನ್ನು ಪಡೆದರು. ಅವರ ನಂತರ ಬೆಳೆದ ನಗರ ಹಣ ಖರ್ಚು ಮಾಡಿ ಎತ್ತರವನ್ನು ಕೊಂಡಿತು, ಹರಿವನ್ನು ಕಳೆದುಕೊಂಡಿತು. ಎರಡನೆಯ ಆಯ್ಕೆಯಲ್ಲಿ ಒಂದಷ್ಟು ಅನಿವಾರ್ಯತೆಯಿತ್ತು. ಮೊದಲನೆಯದನ್ನು ಬಹುಮಟ್ಟಿಗೆ ಕೈಬಿಟ್ಟದ್ದು ಅನಿವಾರ್ಯವಾಗಿರಲಿಲ್ಲ ಎಂಬುದು ಈ ಬರಹದ ವಾದ.

ನೀರು ಸಾಗಿಸುವ ಯಾವ ಸಾಧನವನ್ನು ಆರಿಸುವಾಗಲೂ ಕೇಳಬೇಕಾದ ಪ್ರಶ್ನೆಗಳು ಎರಡೇ: ಎಷ್ಟು ಎತ್ತರಕ್ಕೆ, ಗಂಟೆಗೆ ಎಷ್ಟು ಲೀಟರ್. ಇವು ಒಂದಕ್ಕೊಂದು ವಿರೋಧಿಗಳು. ಪಂಪಿನ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಲೀಟರುಗಳ ಸಂಖ್ಯೆ ಸಾಮಾನ್ಯವಾಗಿ ಎತ್ತರವೇ ಇಲ್ಲದಾಗಿನದು. ಎತ್ತರ ಏರಿದಂತೆಲ್ಲ ಅದು ಇಳಿಯುತ್ತದೆ, ಒಂದು ಮಟ್ಟದಲ್ಲಿ ಪಂಪು ಗುರ್‌ ಎನ್ನುತ್ತಲೇ ಇರುತ್ತದೆ, ಹನಿ ನೀರೂ ಹೊರಬೀಳುವುದಿಲ್ಲ. ಇದು ಚೆನ್ನಾಗಿ ಗೊತ್ತಿರುವುದು ಹವಳದ ದೊಡ್ಡ ಅಕ್ವೇರಿಯಂ ಸಾಕುವವರಿಗೆ. ಕೆಳಗಿನ ತೊಟ್ಟಿಯಿಂದ ಮೇಲಿನ ಗಾಜಿನ ತೊಟ್ಟಿಗೆ ನೀರೆತ್ತಲು ಅವರು ಒಂದು ಪಂಪು ಇಡುತ್ತಾರೆ. ಅದು ಒಂದೂವರೆ ಎರಡು ಮೀಟರ್ ಎತ್ತಬೇಕು, ಆದ್ದರಿಂದ ಗಂಟೆಗೆ ತೊಟ್ಟಿಯ ಮೂರರಿಂದ ಐದು ಪಟ್ಟು ನೀರು ತಿರುಗಿಸಿದರೆ ಸಾಕೆನ್ನುತ್ತಾರೆ. ಹವಳ ಬದುಕುವುದು ಆ ಪಂಪಿನಿಂದಲ್ಲ. ಇದ್ದಲ್ಲಿಂದ ಕದಲಲಾರದ ಆ ಜೀವಕ್ಕೆ ಅನ್ನ ತಂದುಕೊಡುವುದೂ ಕಸ ಒಯ್ಯುವುದೂ ಸುತ್ತಲಿನ ನೀರಿನ ಓಟವೇ. ಅದಕ್ಕಾಗಿ ತೊಟ್ಟಿಯೊಳಗೇ ಬೇರೆ ಪಂಪುಗಳನ್ನು ಕೂರಿಸುತ್ತಾರೆ. ಅವು ನೀರನ್ನು ಒಂದು ಗೇಣೂ ಮೇಲೆತ್ತುವುದಿಲ್ಲ, ಕಡಿಮೆ ಕರೆಂಟಿನಲ್ಲಿ ಗಂಟೆಗೆ ತೊಟ್ಟಿಯ ಇಪ್ಪತ್ತು, ನಲವತ್ತು ಪಟ್ಟು ನೀರನ್ನು ತಳ್ಳುತ್ತವೆ. ಎರಡು ಸಾವಿರ ಲೀಟರಿನ ತೊಟ್ಟಿಯಲ್ಲಿ ಗಂಟೆಗೆ ನಲವತ್ತು ಸಾವಿರ ಲೀಟರ್ ಸರಿದಾಡುವುದು ಸಾಮಾನ್ಯ. ಎತ್ತುವ ಕೆಲಸವನ್ನು ಎಷ್ಟು ಕಡಿಮೆ ಮಾಡಿದರೆ ಅಷ್ಟು ಹೆಚ್ಚು ನೀರು ಓಡಾಡುತ್ತದೆ. ನಾಲ್ಕು ಶತಮಾನಗಳ ಹಿಂದೆ ಮಲಿಕ್ ಅಂಬರನ ಕೆಲಸಗಾರರು ತಲುಪಿದ್ದ ತೀರ್ಮಾನವೂ ಇದಕ್ಕಿಂತ ದೂರದ್ದಲ್ಲ.

ಮಲಿಕ್ ಅಂಬರ್ ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ ದಖ್ಖನಿಗೆ ಬಂದವನು. ಅಹಮದ್‌ನಗರದ ನಿಜಾಮಶಾಹಿಗೆ ಮಂತ್ರಿಯೂ ಸೇನಾಪತಿಯೂ ಆಗಿ ಕಾಲು ಶತಮಾನ ಮೊಘಲರನ್ನು ತಡೆದು ನಿಲ್ಲಿಸಿದ. 1610ರಲ್ಲಿ ಖಡಕಿ ಎಂಬ ಹಳ್ಳಿಯಲ್ಲಿ ರಾಜಧಾನಿ ಕಟ್ಟಲು ಶುರುಮಾಡಿದ. ಮುಂದೆ ಔರಂಗಾಬಾದ್ ಎಂದೂ 2023ರಿಂದ ಛತ್ರಪತಿ ಸಂಭಾಜಿನಗರ ಎಂದೂ ಕರೆಸಿಕೊಂಡ ಊರು ಅದೇ. ಅವನ ರಾಜಕೀಯಕ್ಕೆ ಇಲ್ಲಿ ಹೆಚ್ಚು ಜಾಗ ಬೇಡ. ಆದರೂ ಕನ್ನಡಿಗರು ನೆನಪಿಡಬೇಕಾದ ಒಂದು ಸಂಗತಿಯಿದೆ: ತನ್ನ ಊರಿಗೆ ಅಷ್ಟು ಮುತುವರ್ಜಿಯಿಂದ ನೀರು ತಂದವನೇ 1624ರಲ್ಲಿ, ಭಾತವಡಿ ಕದನದ ಗೆಲುವಿನ ಬೆನ್ನಿಗೆ, ವಿಜಯಪುರದ ಪಕ್ಕದ ನವರಸಪುರವನ್ನು ಸೂರೆ ಮಾಡಿದ. ಖಡಕಿಯ ಜಾಗ ನೀರಿಗೆ ಹೆಸರಾದದ್ದಲ್ಲ. ನೆಲ ಕಪ್ಪು ಬಸಾಲ್ಟಿನದು, ಖಾಮ್ ನದಿ ಸಣ್ಣದು, ಮಳೆಗಾಲ ಕಳೆದರೆ ಸೊರಗುವಂಥದ್ದು. ಆದರೆ ಉತ್ತರದ ಗುಡ್ಡಗಳ ಬುಡದಲ್ಲಿ, ಹರ್ಸೂಲ್ ಕಣಿವೆಯ ಮಣ್ಣು ಮತ್ತು ಮುರಮಿನ ಪದರದಲ್ಲಿ ಮಳೆನೀರು ಇಂಗಿ ನಿಧಾನವಾಗಿ ಜಿನುಗುತ್ತಿತ್ತು. ಹರಿಯುವ ನದಿಗೆ ಒಡ್ಡು ಕಟ್ಟುವ ಬದಲು ಈ ಜಿನುಗನ್ನು ನೆಲದಡಿಯ ಕಲ್ಲುಕಟ್ಟಿನ ಸುರಂಗದಲ್ಲಿ ಹಿಡಿದು ಊರಿಗೆ ತಂದ ನಹರು, ಅಂದರೆ ಕಾಲುವೆ, ನಹರ್-ಎ-ಅಂಬರಿ. 1617ರ ಆಸುಪಾಸಿನ ಕೆಲಸ ಅದು, ಹದಿನೈದು ತಿಂಗಳಲ್ಲಿ ಮುಗಿಯಿತೆಂದು ಪ್ರತೀತಿ. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಅವನ ಶತ್ರು, ಮೊಘಲ್ ಸೇನಾಪತಿ ಅಬ್ದುರ್ರಹೀಂ ಖಾನ್‌ಖಾನಾ, ಬುರ್ಹಾನ್‌ಪುರದಲ್ಲಿ ಕುಂಡಿ ಭಂಡಾರವೆಂಬ ನೆಲದಡಿ ಕಾಲುವೆಯನ್ನು ಮಾಡಿಸುತ್ತಿದ್ದ. ಬೀದರಿನ ನೌಬಾದಿನ ಕರೇಜು ಎಂಬ ಅಂಥದೇ ಕಾಲುವೆ ಬಹಮನಿಗಳ ಕಾಲದ್ದು, ಇವೆರಡಕ್ಕಿಂತ ಹಿರಿಯದು. ಪರ್ಷಿಯಾದ ಈ ವಿದ್ಯೆ ದಖ್ಖನಿನಲ್ಲಿ ಆಗಲೇ ಮನೆಮಾತಾಗಿತ್ತು. ಹಾಗಾಗಿ ಅಂಬರನೊಬ್ಬನ ಬುದ್ಧಿಯ ಪವಾಡವೆಂದು ಇದನ್ನು ಕೊಂಡಾಡುವುದು ಅತಿಯಾಯಿತು.

ಖಡಕಿಯ ವ್ಯವಸ್ಥೆಯಲ್ಲಿ ಹತ್ತಿರದಿಂದ ನೋಡಬೇಕಾದದ್ದು ಬಂಬಗಳನ್ನು. ಸುರಂಗದ ನೀರು ಊರನ್ನು ಸಮೀಪಿಸಿದಂತೆ ಮಣ್ಣಿನ ಕೊಳವೆಗಳಿಗೆ ಇಳಿಯುತ್ತದೆ, ಆ ಕೊಳವೆಗಳ ಸಾಲಿನಲ್ಲಿ ಅಲ್ಲಲ್ಲಿ ಇಟ್ಟಿಗೆ, ಕಲ್ಲು, ಸುಣ್ಣದ ಗಾರೆಯಿಂದ ಕಟ್ಟಿದ ಕಂಬಗಳು ಎದ್ದು ನಿಂತಿವೆ, ಅವೇ ಬಂಬಗಳು. ಕಂಬದ ಒಂದು ಮಗ್ಗುಲಲ್ಲಿ ನೀರು ಮೇಲೇರುತ್ತದೆ, ತಲೆಯ ಮೇಲಿನ ತೆರೆದ ಪುಟ್ಟ ತೊಟ್ಟಿಯಲ್ಲಿ ಒಂದು ಕ್ಷಣ ಬಿಡುವು ಪಡೆದು ಇನ್ನೊಂದು ಮಗ್ಗುಲಿನಿಂದ ಇಳಿದು ಮುಂದೆ ಹೋಗುತ್ತದೆ. ಸುಮ್ಮನೆ ಏರಿ ಸುಮ್ಮನೆ ಇಳಿಯುವ ಈ ವ್ಯಾಯಾಮ ಯಾಕೆ? ಮಣ್ಣಿನ ಕೊಳವೆ ಒತ್ತಡ ತಾಳುವುದಿಲ್ಲ. ಗುಡ್ಡದಿಂದ ಇಳಿದ ನೀರಿನ ಭಾರವೆಲ್ಲ ಒಂದೇ ಕಡೆ ಬಿದ್ದರೆ ಕೊಳವೆ ಒಡೆಯದಿದ್ದರೂ ಅದರ ಸಂದುಗಳು ಸೋರತೊಡಗುತ್ತವೆ. ಬಂಬದ ತೆರೆದ ತಲೆಗೆ ಬಂದಾಗ ನೀರು ಗಾಳಿಗೆ ಮುಖ ತೋರುತ್ತದೆ, ಹಿಂದಿನಿಂದ ಕೂಡಿಬಂದ ಒತ್ತಡ ಅಲ್ಲಿಗೆ ತೀರುತ್ತದೆ. ಮುಂದಿನ ಕೊಳವೆ ಹೊರಬೇಕಾದದ್ದು ಆ ಬಂಬದ ಎತ್ತರವನ್ನು ಮಾತ್ರ. ಎರಡನೆಯ ಉಪಯೋಗ ಗಾಳಿಯದು. ಏರುತಗ್ಗಿನ ಕೊಳವೆಯಲ್ಲಿ ಉಬ್ಬಿದ ಜಾಗಗಳಲ್ಲೆಲ್ಲ ಗಾಳಿಯ ಗುಳ್ಳೆ ಸೇರಿಕೊಂಡು ನೀರಿನ ದಾರಿಯನ್ನು ಕಿರಿದು ಮಾಡುತ್ತದೆ, ಕೆಲವೊಮ್ಮೆ ಕಟ್ಟಿಯೇ ಬಿಡುತ್ತದೆ. ಬಂಬ ಆ ಗಾಳಿಗೆ ಹೊರಹೋಗುವ ಬಾಗಿಲು. ಅಲ್ಲಿಂದಲೇ ಬೀದಿಬೀದಿಗೆ ಕವಲು ತೆಗೆಯಬಹುದು, ಹೂಳು ನೆಲೆಯೂರಿದರೆ ಬಾಚಬಹುದು, ಯಾವ ಭಾಗದಲ್ಲಿ ಸೋರಿಕೆಯಿದೆ ಎಂದು ನೀರಿನ ಮಟ್ಟ ನೋಡಿಯೇ ಹೇಳಬಹುದು. ಇಷ್ಟಕ್ಕೆಲ್ಲ ಬೆಲೆಯಿದೆ: ಪ್ರತಿ ಬಂಬವೂ ಒಂದಿಷ್ಟು ಎತ್ತರವನ್ನು ನುಂಗುತ್ತದೆ. ಸಾಲಿನಲ್ಲಿ ಹಿಂದಿನದಕ್ಕಿಂತ ಮುಂದಿನದರ ನೀರು ಚೂರು ತಗ್ಗಿರಲೇಬೇಕು. ಹೀಗೆ ಎತ್ತರವನ್ನು ಕಂತುಕಂತಾಗಿ ತೆತ್ತು, ಸಾಮಾನ್ಯ ಕುಂಬಾರನ ಕೊಳವೆಯಲ್ಲಿ ನಿರಂತರ ಹರಿವನ್ನು ಸಾಧಿಸಿದರು.

ವಿಜಯಪುರದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೊರವಿಯ ಸುರಂಗ ಬಾವಡಿಯಿಂದಲೂ ಮುಹಮ್ಮದ್ ಆದಿಲಶಾಹ 1651ರಲ್ಲಿ ಕಟ್ಟಿಸಿದ ಬೇಗಂ ತಲಾಬಿನಿಂದಲೂ ಊರೊಳಗೆ ಬಂದ ಮಣ್ಣಿನ ಕೊಳವೆಗಳ ಮೇಲೆ ಅಲ್ಲಿ ನಿಂತಿರುವ ಗಂಜ್‌ಗಳ ಕೆಲಸವೂ ಇದೇ: ಒತ್ತಡ ಮುರಿಯುವುದು, ಹೂಳು ಇಳಿಸುವುದು, ನೀರು ಹಂಚುವುದು. ಇಸ್ತಾಂಬುಲಿನಲ್ಲಿ ಆಟೊಮನ್ ತುರ್ಕರು ಇಂಥ ಗೋಪುರಗಳನ್ನೇ ಕಟ್ಟಿದರು, ಪಾಂಪೆಯ ಬೀದಿಮೂಲೆಗಳಲ್ಲಿ ರೋಮನರು ಅದಕ್ಕೂ ಮುಂಚೆ ಕಟ್ಟಿದ್ದರು. ಆದರೆ ಮಿಕ್ಕ ಎತ್ತರವನ್ನು ಊರೊಳಗೆ ಕಣ್ಣಿಗೆ ಕಟ್ಟುವಂತೆ ದುಡಿಸಿಕೊಂಡದ್ದು ಪನಚಕ್ಕಿ. ಬುಖಾರಾದ ಕಡೆಯ ಸೂಫಿ ಬಾಬಾ ಶಾಹ್ ಮುಸಾಫಿರರ ದರ್ಗಾಕ್ಕೆ ಸೇರಿದ ಈ ಗಿರಣಿ 17ನೆಯ ಶತಮಾನದ ಕೊನೆ, 18ರ ಮೊದಲ ದಶಕಗಳಲ್ಲಿ ರೂಪುಗೊಂಡಿತು. ಗೋಡೆಯಿಂದ ಧುಮುಕಿದ ನೀರು ಕೊಳ ತುಂಬಿ, ಅಲ್ಲಿಂದ ಗಿರಣಿಯ ಅಡಿಗೆ ರಭಸದಿಂದ ಬಿದ್ದು ಮಲಗಿಸಿಟ್ಟ ಚಕ್ರದ ರೆಕ್ಕೆಗಳನ್ನು ತಳ್ಳುತ್ತದೆ. ಚಕ್ರದ ನೆಟ್ಟನೆಯ ಅಚ್ಚು ಮೇಲಿನ ಬೀಸುಕಲ್ಲನ್ನು ತಿರುಗಿಸುತ್ತದೆ. ಫಕೀರರಿಗೆ, ಯಾತ್ರಿಕರಿಗೆ, ಸಿಪಾಯಿಗಳಿಗೆ ಬೇಕಾದ ಹಿಟ್ಟನ್ನು ಅಲ್ಲಿ ಬೀಸಲಾಗುತ್ತಿತ್ತು. ಕೊಳದ ತಳವೇ ಕೆಳಗಿನ ದೊಡ್ಡ ಹಜಾರಕ್ಕೆ ಚಾವಣಿ, ಆದ್ದರಿಂದ ಮರಾಠವಾಡದ ಬೇಸಿಗೆಯಲ್ಲೂ ಆ ಹಜಾರ ತಂಪು. ಅದೇ ನೀರು ಬಿದ್ದು ಹಿಟ್ಟು ಮಾಡಿತು, ನಿಂತು ನೆತ್ತಿ ತಣಿಸಿತು, ಮಿಕ್ಕದ್ದು ಪಕ್ಕದ ಖಾಮ್ ನದಿಗೆ ಹೋಯಿತು. ಒಂದು ಮಟ್ಟದಿಂದ ಇನ್ನೊಂದಕ್ಕೆ ಇಳಿಯುವ ಯಾವ ನೀರನ್ನೂ ಕೆಲಸವಿಲ್ಲದೆ ಇಳಿಯಬಿಡಬಾರದೆಂಬ ಜಿಪುಣತನ ಅದು. ನನ್ನ ಮಟ್ಟಿಗೆ ಈ ಊರಿನ ಇತಿಹಾಸದಲ್ಲಿ ಬೀಬಿ ಕಾ ಮಕ್ಬರಾಕ್ಕಿಂತ ದೊಡ್ಡ ಕಟ್ಟಡ ಇದು.

ಹರಿವಿಗೆ ಬೆಲೆ ಕೊಡುವ ಊರಿಗೆ ಹಂಚಿಕೆಯ ಶಿಸ್ತೂ ಬೇಕಾಗುತ್ತದೆ, ಏಕೆಂದರೆ ನಿಧಾನವಾಗಿ ಸದಾ ಬರುವ ನೀರನ್ನು ಒಬ್ಬನೇ ಒಮ್ಮೆಗೇ ಬಾಚಿಕೊಳ್ಳಲಾಗದು. ಆ ಶಿಸ್ತಿನ ಒಳ್ಳೆಯ ಮಾದರಿ ಇರುವುದು ನಾಸಿಕ ಜಿಲ್ಲೆಯ ಬಾಗಲಾಣ ಸೀಮೆಯಲ್ಲಿ ಮತ್ತು ಅದಕ್ಕೆ ತಾಗಿದ ಧುಳೆಯಲ್ಲಿ. ಮೋಸಂ, ಆರಂ, ಪಾಂಝರಾ ನದಿಗಳ ಮೇಲೆ ಕಲ್ಲಿನ ತಗ್ಗು ಬಂಧಾರಗಳನ್ನು ಕಟ್ಟಿ, ನದಿಯ ಮಟ್ಟವನ್ನು ಕಾಲುವೆಯ ಬಾಯಿಗೆ ತಲುಪುವಷ್ಟೇ ಏರಿಸಿ, ಅಲ್ಲಿಂದ ಇಳಿಜಾರಿನ ಬಲದಲ್ಲೇ ಹೊಲಗಳಿಗೆ ಬಿಡುವ ಪದ್ಧತಿ ಅಲ್ಲಿ ಶತಮಾನಗಳಿಂದ ಇದೆ. ಇದಕ್ಕೆ ಫಡ್ ಪದ್ಧತಿ ಎನ್ನುತ್ತಾರೆ. ಬಂಧಾರದ ಕೆಳಗಿನ ಜಮೀನನ್ನು ಸಾಮಾನ್ಯವಾಗಿ ನಾಲ್ಕು ಫಡ್‌ಗಳಾಗಿ ವಿಂಗಡಿಸುತ್ತಾರೆ. ಒಂದು ಫಡ್‌ನಲ್ಲಿ ಹೊಲ ಎಷ್ಟು ಜನರದ್ದಿದ್ದರೂ ಆ ವರ್ಷ ಬೆಳೆ ಒಂದೇ. ಯಾವ ಫಡ್‌ಗೆ ಕಬ್ಬು, ಯಾವುದಕ್ಕೆ ಹಂಗಾಮಿನ ಬೆಳೆ, ನೀರು ಕಡಿಮೆಯಾದರೆ ಯಾವುದು ಬೀಳು ಎಂಬುದನ್ನು ಊರವರು ಕೂಡಿ ತೀರ್ಮಾನಿಸುತ್ತಾರೆ. ನೀರು ಬಿಡುವವನು ಪಾಟಕರಿ, ಪೈರು ಕಾಯುವವನು ಜಾಗಲ್ಯಾ. ಹಂಗಾಮಿಗೆ ಮುಂಚೆ ಕಾಲುವೆಯ ಹೂಳೆತ್ತುವುದು ಎಲ್ಲರ ಪಾಲಿನ ದುಡಿಮೆ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1884ರಲ್ಲಿ ಬೊಂಬಾಯಿ ಸರ್ಕಾರದ ಸಹಾಯಕ ಎಂಜಿನಿಯರಾಗಿ ಮೊದಲು ನೇಮಕಗೊಂಡದ್ದು ಇದೇ ನಾಸಿಕಕ್ಕೆ. ಪಾಂಝರಾ ನದಿಯ ಕಡೆ ದಾತರ್ತಿ ಎಂಬಲ್ಲಿ ಕಾಲುವೆಯ ನೀರನ್ನು ದಾಟಿಸುವ ಕೊಳವೆ ಸೈಫನ್ ಅವರ ವೃತ್ತಿಯ ಆರಂಭದ ಪರೀಕ್ಷೆ. ಒಂದು ಕಡೆ ಇಳಿದ ನೀರು ಇನ್ನೊಂದು ಕಡೆ ಏರುವ, ಪಂಪಿಲ್ಲದ, ಪನಚಕ್ಕಿಯ ಗೋಡೆಯ ತತ್ತ್ವವೇ ಅಲ್ಲಿಯೂ. ಅವರು 1899ರಲ್ಲಿ ರೂಪಿಸಿದ ಬ್ಲಾಕ್ ನೀರಾವರಿ ಪದ್ಧತಿಯಲ್ಲಿ ಒಂದು ಬ್ಲಾಕಿನ ಒಂದು ಭಾಗಕ್ಕೆ ಕಬ್ಬು, ಉಳಿದವಕ್ಕೆ ಸರದಿಯಲ್ಲಿ ಬೇರೆ ಬೆಳೆ ಎಂಬ ಏರ್ಪಾಡನ್ನು ಓದುವಾಗ ಫಡ್ ಕಣ್ಣ ಮುಂದೆ ಬರದಿರುವುದು ಕಷ್ಟ. ಎಂಜಿನಿಯರು ರೈತರಿಂದ ಕಲಿತದ್ದನ್ನು ಪಠ್ಯಪುಸ್ತಕಗಳು ಅಪರೂಪಕ್ಕೆ ಬರೆಯುತ್ತವೆ.

ಇಳಿಜಾರಿನ ಈ ಲೆಕ್ಕವನ್ನು ಬದಲಿಸಿದ್ದು ಪಂಪು. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿಯಿಂದ ಹೊರಟ ಕಿರ್ಲೋಸ್ಕರರು 1910ರಲ್ಲಿ ಈಗಿನ ಸಾಂಗ್ಲಿ ಜಿಲ್ಲೆಗೆ ಕಾರ್ಖಾನೆ ಸಾಗಿಸಿ, 1920ರ ದಶಕದಲ್ಲಿ ಸೆಂಟ್ರಿಫ್ಯೂಗಲ್ ಪಂಪುಗಳನ್ನು ತಯಾರಿಸತೊಡಗಿದರು. ಎಣ್ಣೆ ಎಂಜಿನ್ನು, ಆಮೇಲೆ ವಿದ್ಯುತ್ತು ಹಳ್ಳಿಗೆ ಬಂದಂತೆ ಬಾವಿಯುಳ್ಳವನು ಫಡ್‌ನ ಸಭೆಗೆ ಕಾಯಬೇಕಾಗಲಿಲ್ಲ. ಹಾಗೆ ಕಾಯದವರು ಹೆಚ್ಚಿದಂತೆ ಹೂಳೆತ್ತುವ ಕೈಗಳು ಕಡಿಮೆಯಾದವು. ಔರಂಗಾಬಾದಿನಲ್ಲಿ ಆದದ್ದು ಇನ್ನೂ ದೊಡ್ಡ ಪಲ್ಲಟ. ಪೈಠಣದ ಹತ್ತಿರ ಗೋದಾವರಿಗೆ ಜಾಯಕವಾಡಿ ಅಣೆಕಟ್ಟಿನ ಅಡಿಗಲ್ಲನ್ನು 1965ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಇಟ್ಟರು, 1976ರಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ನಾಥಸಾಗರವೆಂಬ ಆ ಜಲಾಶಯದ ಸಾಮರ್ಥ್ಯ ಸುಮಾರು 102 ಟಿಎಂಸಿ. ಊರಿನ ನೀರು ಅಲ್ಲಿಂದ ಬರತೊಡಗಿತು. ಮೊದಲು ನೀರು ಉತ್ತರದ ಗುಡ್ಡದಿಂದ ಇಳಿದು ಬರುತ್ತಿತ್ತು, ಈಗ ದಕ್ಷಿಣದ ತಗ್ಗಿನಿಂದ ಏರಿ ಬರಬೇಕು. ಜಲಾಶಯ ತುಂಬಿದಾಗಲೂ ಅದರ ಮಟ್ಟ ಸಮುದ್ರದಿಂದ 464 ಮೀಟರ್, ಊರು ಅದಕ್ಕಿಂತ ಸುಮಾರು ನೂರು ಮೀಟರ್ ಮೇಲಿದೆ. ಹತ್ತು ಲಕ್ಷ ಲೀಟರ್ ನೀರನ್ನು ನೂರು ಮೀಟರ್ ಎತ್ತಲು, ಪಂಪಿನಲ್ಲಿ ಒಂದಿಷ್ಟೂ ನಷ್ಟವಿಲ್ಲವೆಂದು ಇಟ್ಟುಕೊಂಡರೂ, 272 ಯೂನಿಟ್ ವಿದ್ಯುತ್ ಬೇಕು. ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ಕೊಳವೆಯ ಉಜ್ಜಾಟ ಬೇರೆ. ಇದು ಒಂದು ದಿನದ ಖರ್ಚಲ್ಲ, ಊರಿರುವವರೆಗಿನದು. ಇನ್ನೊಂದು ವಿಚಿತ್ರವಿದೆ: ಪನಚಕ್ಕಿಯ ಪಕ್ಕ ಹರಿಯುವ ಖಾಮ್ ನದಿ ಕೊನೆಗೆ ಸೇರುವುದು ನಾಥಸಾಗರವನ್ನೇ. ಬಳಸದೆ ಬಿಟ್ಟ ಗುಡ್ಡದ ನೀರು ಊರ ಕೊಳೆಯನ್ನು ಕೂಡಿಕೊಂಡು ಇಳಿದು ಹೋಗುತ್ತದೆ, ಅದರ ಒಂದು ಪಾಲನ್ನಾದರೂ ಹಣ ತೆತ್ತು ಮತ್ತೆ ಮೇಲಕ್ಕೆ ತರುತ್ತೇವೆ. ಜಾಯಕವಾಡಿಗೆ ಬರುವ ನೀರಿನ ಮೇಲಿನ ಬಾಗಿಲು ನಾಸಿಕದ ಕೈಯಲ್ಲಿದೆ. ಗಂಗಾಪುರ, ದಾರಣಾ ಮೊದಲಾದ ಮೇಲ್ದಂಡೆಯ ಅಣೆಕಟ್ಟುಗಳಿಂದ ಜಾಯಕವಾಡಿಗೆ ಎಷ್ಟು ನೀರು ಬಿಡಬೇಕೆಂಬ ಜಗಳ ಎಷ್ಟು ಬಿಗಡಾಯಿಸಿತೆಂದರೆ, 2014ರಲ್ಲಿ ರಾಜ್ಯದ ಜಲ ಸಂಪನ್ಮೂಲ ನಿಯಂತ್ರಣ ಪ್ರಾಧಿಕಾರ ಆದೇಶ ಹೊರಡಿಸಬೇಕಾಯಿತು. ಫಡ್‌ನಲ್ಲಿ ಊರವರು ಕೂತು ಮಾಡುತ್ತಿದ್ದ ಕೆಲಸ ಹೈಕೋರ್ಟಿನವರೆಗೆ ಹೋಯಿತು.

ಇದಕ್ಕೆ ಎದುರಾಗಿ ಹೇಳಬಹುದಾದದ್ದು ಬಹಳವಿದೆ, ಅದರಲ್ಲಿ ಅರ್ಧ ನಿಜ. ಮೊದಲನೆಯದು ಜನಸಂಖ್ಯೆ. 2011ರ ಜನಗಣತಿಯಲ್ಲೇ ಈ ನಗರದಲ್ಲಿ ಹನ್ನೊಂದೂ ಮುಕ್ಕಾಲು ಲಕ್ಷ ಜನ. ಗುಡ್ಡದ ಬುಡದ ಜಿನುಗು ಅಷ್ಟು ಬಾಯಿಗೆ ಸಾಲದು. ನಹರುಗಳು ಲಕ್ಷಗಟ್ಟಲೆ ಜನಕ್ಕೆ ಸಾಲುವಂತೆ ಕಟ್ಟಿದವು ಎಂಬ ಜನಪ್ರಿಯ ಮಾತನ್ನು ನಾನು ನಂಬುವುದಿಲ್ಲ. ಎರಡನೆಯದು ಬರ. ನಹರಿಗೆ ಸಂಗ್ರಹವಿಲ್ಲ, ಮಳೆ ತಪ್ಪಿದರೆ ಅಂತರ್ಜಲ ಇಳಿದು ಅದೂ ಬಡವಾಗುತ್ತದೆ. ಅಣೆಕಟ್ಟು ಒಂದು ವರ್ಷದ ಮಳೆಯನ್ನು ಇನ್ನೊಂದು ವರ್ಷಕ್ಕೆ ಕಾದಿಡಬಲ್ಲದು, 1972ರ ಬರ ಕಂಡ ಮರಾಠವಾಡದವರಿಗೆ ಅದರ ಬೆಲೆ ಗೊತ್ತು. ಮೂರನೆಯದು ನ್ಯಾಯ. ನಹರಿನ ನೀರು ಎಲ್ಲರ ಮನೆಗೆ ಸಮನಾಗಿ ಹೋಗಲಿಲ್ಲ. ಅರಮನೆ, ಮಸೀದಿ, ಅಮೀರರ ಹವೇಲಿ, ತೋಟದ ಕಾರಂಜಿಗಳಿಗೆ ಅದರಲ್ಲಿ ದೊಡ್ಡ ಪಾಲಿತ್ತು. ಫಡ್‌ನಲ್ಲೂ ನೀರಿನ ಹಕ್ಕು ಹೊಲದ್ದು, ಹೊಲವಿಲ್ಲದವನಿಗೆ ಸಭೆಯಲ್ಲಿ ಮಾತಿರಲಿಲ್ಲ. ಗತಕಾಲವನ್ನು ಹಾಡಿ ಹೊಗಳುವವರು ಈ ಮೂರನ್ನೂ ಮೊದಲು ಒಪ್ಪಿಕೊಳ್ಳಬೇಕು.

ಆದರೆ ಒಪ್ಪಿಕೊಂಡ ಮೇಲೂ ವಾದ ಬೀಳುವುದಿಲ್ಲ. ಜನಸಂಖ್ಯೆ ಹೆಚ್ಚಿದ್ದು ಹೊಸ ನೀರು ತರಲು ಕಾರಣವಾಗಬಹುದು, ಇದ್ದ ನೀರು ಬಿಡಲು ಕಾರಣವಾಗದು. ನಹರಿನಿಂದ ಬಂದ ಪ್ರತಿ ಲೀಟರು ನೂರು ಮೀಟರ್ ಎತ್ತಬೇಕಾದ ಒಂದು ಲೀಟರನ್ನು ಉಳಿಸುತ್ತದೆ. ಕುಡಿಯಲು ಬಾರದಿದ್ದರೆ ತೋಟಕ್ಕೆ, ಬೀದಿಗೆ, ತೊಳೆಯಲು ಬರುತ್ತದೆ. ಸಂಗ್ರಹದ ವಾದ ಅಣೆಕಟ್ಟನ್ನು ಸಮರ್ಥಿಸುತ್ತದೆ, ಅದು ಊರಿನ ಕೆಳಗೇ ಇರಬೇಕೆಂಬುದನ್ನಲ್ಲ. ಗುಡ್ಡದ ಕಡೆಯ ಇಂಗುನೆಲವನ್ನು ಮನೆ, ಬಡಾವಣೆಗಳಿಂದ ಕಾಯ್ದುಕೊಳ್ಳುವುದೂ ಸಂಗ್ರಹವೇ. ಇನ್ನು ನ್ಯಾಯದ ಮಾತು ಎತ್ತಿದವರು ಇಂದಿನ ನಲ್ಲಿಯನ್ನೂ ನೋಡಬೇಕು. ಪಂಪಿನ ಈ ನಗರದಲ್ಲಿ ಹಲವು ಬಡಾವಣೆಗಳಿಗೆ ನೀರು ಬರುವುದು ಹಲವು ದಿನಗಳಿಗೊಮ್ಮೆ. ಬಂದಾಗ ಹಿಡಿದಿಡಲು ಸಂಪು, ಓವರ್‌ಹೆಡ್ ಟ್ಯಾಂಕು, ಇನ್ನೊಂದು ಪಂಪು ಇದ್ದವನಿಗೆ ಕಷ್ಟವಿಲ್ಲ, ಇಲ್ಲದವನು ಟ್ಯಾಂಕರಿಗೆ ಕಾಯುತ್ತಾನೆ. 2020ರಲ್ಲಿ 1,680 ಕೋಟಿ ರೂಪಾಯಿಯ ಅಂದಾಜಿನೊಂದಿಗೆ ಆರಂಭವಾದ ಹೊಸ ನೀರು ಯೋಜನೆಯೂ ಜಾಯಕವಾಡಿಯಿಂದಲೇ ಎತ್ತುವುದು. ದೊಡ್ಡ ಪಂಪು, ದಪ್ಪ ಕೊಳವೆ ಬೇಡವೆಂದು ಯಾರೂ ಹೇಳಲಾರರು. ಆದರೆ ನೀರು ಸದಾ ಹರಿಯುವಂತಾಗುವುದು ಪಂಪಿನ ಗಾತ್ರದಿಂದಲ್ಲ, ಸೋರಿಕೆ ಮುಚ್ಚುವ, ಒತ್ತಡ ಹಂಚುವ, ದಿನದಿನದ ಕಾವಲಿನಿಂದ. ಬಂಬಗಳನ್ನು ಕಟ್ಟಿದವರು ಖರ್ಚು ಮಾಡಿದ್ದು ಅದಕ್ಕೇ.

ಈ ಮಾತು ಕರ್ನಾಟಕಕ್ಕೂ ಸಲ್ಲುತ್ತದೆ. ಬೀದರಿನ ನೌಬಾದ್ ಕರೇಜಿನ ಹೂಳು ತೆಗೆದಾಗ ಒಳಗಿನ ನೀರಿನ ದಾರಿ ಇನ್ನೂ ಇದೆಯೆಂದು ಗೊತ್ತಾಯಿತು. ವಿಜಯಪುರದ ಸುರಂಗ ಬಾವಡಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆಯ 2020ರ ಕಾಳಜಿ ಪಟ್ಟಿಯಲ್ಲಿ ಸೇರಿತು. ಪಟ್ಟಿಯಿಂದ ಹೂಳು ತಾನಾಗಿ ಹೋಗುವುದಿಲ್ಲ. ಆಗಬೇಕಾದ ಮೊದಲ ಕೆಲಸ ಅಗ್ಗದ್ದು: ತೊರವಿಯಿಂದ, ಬೇಗಂ ತಲಾಬಿನಿಂದ ಊರಿನವರೆಗೆ ಪ್ರತಿ ಗಂಜ್, ಪ್ರತಿ ಗಾಳಿಬಾವಿ, ಪ್ರತಿ ಕೊಳವೆ ಸಾಲನ್ನು ಸರ್ವೆ ನಂಬರಿನೊಂದಿಗೆ ನಕ್ಷೆಯಲ್ಲಿ ಗುರುತಿಸಿ, ಆ ನಕ್ಷೆಯನ್ನು ಮಹಾನಗರ ಪಾಲಿಕೆಯ ಕಟ್ಟಡ ಪರವಾನಗಿ ವಿಭಾಗದ ಮೇಜಿನ ಮೇಲಿಡುವುದು. ಅಡಿಪಾಯಕ್ಕೆ ಗುಂಡಿ ತೋಡುವ ಮುನ್ನ ಕೆಳಗೆ ಏನಿದೆ ಎಂದು ಕೇಳುವ ನಿಯಮವೊಂದಿದ್ದರೆ ಸಾಕು. ವಿಜಯಪುರ, ಬೀದರಿನ ಓದುಗರು ತಮ್ಮ ವಾರ್ಡಿನ ಸದಸ್ಯರನ್ನು ಮುಂದಿನ ಬಾರಿ ಕಂಡಾಗ ಈ ನಕ್ಷೆಯನ್ನು ಕೇಳಲಿ.